ಬರೀ ಹುಲ್ಲು, ಬರೀ ನೀರು

ಮೂವರು ಗಂಡಸರು ಹುಲ್ಲುಗಾವಲಿನ ಅಂಚಿಗೆ ಬಂದು ನಿಂತಿದ್ದಾರೆ. ಅವರು ಸೇರಬೇಕಾದ ಪಾಳು ಕಟ್ಟಡ ಕೂಗಳತೆಯಲ್ಲೇ ಕಾಣುತ್ತಿದೆ. ನಡುವೆ ಇರುವುದು ಆಳೆತ್ತರಕ್ಕೆ ಬೆಳೆಯಲು ಹವಣಿಸುತ್ತಿರುವ ಹುಲ್ಲು, ತುಕ್ಕು ಹಿಡಿದು ಕೂತ ಯುದ್ಧದ ಟ್ಯಾಂಕುಗಳು, ವಾಲಿದ ಕಂಬಗಳು. ಆರಾಮವಾಗಿ ನಡೆದರೂ ಐದು ನಿಮಿಷದ ದಾರಿ. ಆದರೆ ದಾರಿ ತೋರಿಸಲು ಬಂದವನು ನೇರ ಹೋಗಕೂಡದು ಎನ್ನುತ್ತಾನೆ. ಕಬ್ಬಿಣದ ನಟ್ಟಿಗೆ ಬ್ಯಾಂಡೇಜು ಬಟ್ಟೆಯ ಬಾಲ ಕಟ್ಟಿ ಮುಂದಕ್ಕೆ ಎಸೆಯುತ್ತಾನೆ. ಅದು ಬಿದ್ದ ಕಡೆಗೆ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಅಲ್ಲಿಂದ ಮತ್ತೊಂದು ನಟ್ಟು. ಹೀಗೆ ಸುತ್ತಿ ಬಳಸಿ ಹೋಗುವ ಈ ಪಯಣದಲ್ಲಿ ಯಾವ ವಿಚಿತ್ರ ಪ್ರಾಣಿಯೂ ಎದುರಾಗುವುದಿಲ್ಲ, ನೆಲ ಬಾಯ್ದೆರೆಯುವುದಿಲ್ಲ, ಆಕಾಶದಿಂದ ಏನೂ ಇಳಿಯುವುದಿಲ್ಲ. ಅಷ್ಟಾಗಿಯೂ ಸ್ವಲ್ಪ ಹೊತ್ತಿನಲ್ಲೇ, ಕುರ್ಚಿಯಲ್ಲಿ ಕೂತು ನೋಡುತ್ತಿರುವ ನಮಗೆ ಆ ಹುಲ್ಲಿನ ಮೇಲೆ ಕಾಲಿಡಲು ಅಳುಕಾಗುತ್ತದೆ.

ಇದು ಆಂದ್ರೇ ತಾರ್ಕೋವ್‌ಸ್ಕಿಯ 'ಸ್ಟಾಕರ್'. 1979ರ ಸೋವಿಯತ್ ಚಿತ್ರ, ಎರಡು ಗಂಟೆ ನಲವತ್ತು ನಿಮಿಷದಷ್ಟು ಉದ್ದ. ಈ ಸಂಚಿಕೆಯಲ್ಲಿ ವಿಜ್ಞಾನ ಕಥನದ ಬಗೆಗಿನ ಬರಹಗಳನ್ನು ಒಟ್ಟುಗೂಡಿಸುವಾಗ ಒಂದು ಸಂಗತಿ ಗಮನಕ್ಕೆ ಬಂತು. ವಿಜ್ಞಾನ ಕಥೆಯ ಸಿನಿಮಾ ಅಂದಕೂಡಲೇ ಬರೆಯುವವರೂ ಓದುವವರೂ ಮೊದಲು ಕೇಳುವುದು ಗ್ರಾಫಿಕ್ಸ್ ಹೇಗಿದೆ ಎಂದು. ಆ ಪ್ರಶ್ನೆಗೆ ಉತ್ತರವೇ ಇಲ್ಲದ ಚಿತ್ರವೊಂದನ್ನು ಇಲ್ಲಿ ಇಟ್ಟು ನೋಡಬೇಕೆನಿಸಿತು. 'ಸ್ಟಾಕರ್'ನಲ್ಲಿ ಗ್ರಾಫಿಕ್ಸ್ ಎನ್ನಬಹುದಾದದ್ದು ಹೆಚ್ಚುಕಡಿಮೆ ಏನೂ ಇಲ್ಲ. ಹಾರುವ ಹಕ್ಕಿಯೊಂದು ಕ್ಷಣಾರ್ಧದಲ್ಲಿ ಮಾಯವಾಗುತ್ತದೆ, ಕೊನೆಯಲ್ಲಿ ಮೇಜಿನ ಮೇಲೆ ಗಾಜಿನ ಲೋಟಗಳು ಜರುಗುತ್ತವೆ. ಉಳಿದದ್ದೆಲ್ಲ ಹುಲ್ಲು, ನೀರು, ಮಂಜು, ಪಾಚಿ, ಒದ್ದೆ ಗೋಡೆ. ಆದರೂ ನಾನು ಕಂಡ ವಿಜ್ಞಾನ ಕಥೆಯ ಚಿತ್ರಗಳಲ್ಲಿ ಬೇರೊಂದು ಲೋಕಕ್ಕೆ ಹೋಗಿಬಂದ ಅನುಭವ ಇಷ್ಟು ಗಾಢವಾಗಿ ಆದದ್ದು ಬೇರೆಲ್ಲೂ ಇಲ್ಲ.

ಕಥೆ ಮೂರು ಸಾಲಿನದು. ಎಲ್ಲಿಯೋ ಒಂದು ನಿಷೇಧಿತ ಪ್ರದೇಶ, ಹೆಸರು ಝೋನ್. ಉಲ್ಕೆ ಬಿತ್ತೋ, ಅನ್ಯಗ್ರಹದವರು ಬಂದುಹೋದರೋ ಖಚಿತವಿಲ್ಲ. ಸುತ್ತ ಸೈನಿಕರ ಕಾವಲು. ಒಳಗೆ ಒಂದು ಕೋಣೆಯಿದೆ, ಅಲ್ಲಿಗೆ ಹೋದವರ ಮನದಾಳದ ಆಸೆ ಈಡೇರುತ್ತದಂತೆ. ಕದ್ದುಮುಚ್ಚಿ ಜನರನ್ನು ಒಳಗೆ ಕರೆದೊಯ್ಯುವವನೇ ಸ್ಟಾಕರ್. ಈ ಬಾರಿ ಅವನ ಜೊತೆಗಿರುವವರು ಒಬ್ಬ ಲೇಖಕ, ಒಬ್ಬ ಪ್ರೊಫೆಸರ್.

ಚಿತ್ರಕ್ಕೆ ಆಧಾರವಾದ ಕಾದಂಬರಿ, ಅರ್ಕಾದಿ ಮತ್ತು ಬೋರಿಸ್ ಸ್ತ್ರುಗಾತ್ಸ್ಕಿ ಸೋದರರ 'ರೋಡ್‌ಸೈಡ್ ಪಿಕ್ನಿಕ್', 1972ರಲ್ಲಿ ಬಂತು. ಓದಿದವರಿಗೆ ಗೊತ್ತು, ಅದು ವಿಚಿತ್ರ ವಸ್ತುಗಳ ಸಂತೆ. ಎಂದೂ ಬರಿದಾಗದ ಬ್ಯಾಟರಿ, ಮುಟ್ಟಿದರೆ ಮೂಳೆ ಕರಗಿಸುವ ಲೋಳೆ, ಏನೇನೋ. ಬಾಹ್ಯಾಕಾಶದಿಂದ ಬಂದ ಯಾರೋ ದಾರಿಬದಿಯಲ್ಲಿ ಬುತ್ತಿ ಬಿಚ್ಚಿ ಉಂಡು ಕಸ ಬಿಟ್ಟು ಹೋದ ಹಾಗೆ ಈ ಝೋನ್ ಎಂಬುದು ಕಾದಂಬರಿಯ ಕಲ್ಪನೆ. ಆ ಕಸವನ್ನು ಕದ್ದು ಮಾರುವ ಒರಟನೇ ಅಲ್ಲಿನ ನಾಯಕ. ತಾರ್ಕೋವ್‌ಸ್ಕಿ ಆ ಸರಂಜಾಮನ್ನೆಲ್ಲ ಹೊರಗೆಸೆದ. ಚಿತ್ರಕಥೆಯನ್ನು ಆ ಸೋದರರಿಂದಲೇ ಮತ್ತೆ ಮತ್ತೆ ಬರೆಸಿದ. ಪ್ರತಿ ಬಾರಿಯೂ ಸಾಮಾನು ಕಡಿಮೆಯಾಗುತ್ತ ಹೋಯಿತು. ಕೊನೆಗುಳಿದದ್ದು ಒಂದು ಜಾಗ, ಒಂದು ಕೋಣೆ, ನಟ್ಟು, ನಂಬಿಕೆ.

ಸಾಮಾನು ತೆಗೆದಮೇಲೆ ಖಾಲಿಯಾದ ಜಾಗವನ್ನು ಯಾವುದರಿಂದ ತುಂಬುವುದು? ಕಾಲದಿಂದ. ಇಡೀ ಚಿತ್ರದಲ್ಲಿ ಇರುವುದು ಸುಮಾರು 140 ಶಾಟ್‌ಗಳು. ಅಂದರೆ ಸರಾಸರಿ ಒಂದೊಂದೂ ನಿಮಿಷಕ್ಕಿಂತ ಹೆಚ್ಚು. ಕೆಲವು ನಾಲ್ಕು ನಿಮಿಷ ದಾಟುತ್ತವೆ. ಸಾಮಾನ್ಯವಾಗಿ ಸಿನಿಮಾದ ಒಂದು ಶಾಟನ್ನು ನಾವು ಓದಿಬಿಡುತ್ತೇವೆ: ಇದು ಬಾಗಿಲು, ಇವನು ಬರುತ್ತಿದ್ದಾನೆ, ಕೈಯಲ್ಲಿ ಚೀಲ. ಅಷ್ಟು ಗೊತ್ತಾಗಲು ಎರಡು ಮೂರು ಸೆಕೆಂಡು ಸಾಕು, ಅಷ್ಟರಲ್ಲಿ ಮುಂದಿನ ಶಾಟ್ ಬಂದಿರುತ್ತದೆ. ತಾರ್ಕೋವ್‌ಸ್ಕಿ ಅಲ್ಲಿ ಕತ್ತರಿಸುವುದಿಲ್ಲ. ಮಾಹಿತಿ ಮುಗಿದ ಮೇಲೂ ಶಾಟ್ ಮುಂದುವರಿಯುತ್ತದೆ. ಮೊದಲು ಚಡಪಡಿಕೆ, ಆಮೇಲೆ ಸಣ್ಣ ಸಿಟ್ಟು. ಅದೂ ಇಳಿದಾದ ಮೇಲೆ ಕಣ್ಣು ಬೇರೆ ಕೆಲಸವಿಲ್ಲದೆ ನೋಡಲು ತೊಡಗುತ್ತದೆ. ಗೋಡೆಯ ಸುಣ್ಣ ಎಲ್ಲಿ ಉದುರಿದೆ, ನೀರಿನ ಮೇಲಿನ ಬೆಳಕು ಯಾವ ಕಡೆಯಿಂದ ಬಂದದ್ದು, ಆ ಮನುಷ್ಯನ ಕತ್ತಿನ ಹಿಂಭಾಗದ ಕೂದಲು ಎಷ್ಟು ಒರಟಾಗಿ ಕತ್ತರಿಸಿದೆ. ಚಿತ್ರದ ಆರಂಭ ತೀರ ನಿಧಾನವಾಯಿತೆಂದು ಸರ್ಕಾರಿ ಅಧಿಕಾರಿಗಳು ಆಕ್ಷೇಪಿಸಿದಾಗ ಆತ ಕೊಟ್ಟನೆನ್ನಲಾದ ಉತ್ತರ ಪ್ರಸಿದ್ಧ: ಅದು ಇನ್ನೂ ನಿಧಾನವಾಗಿರಬೇಕಿತ್ತು, ತಪ್ಪಿ ಬೇರೆ ಥಿಯೇಟರಿಗೆ ಬಂದವರಿಗೆ ಎದ್ದು ಹೋಗಲು ಸಮಯ ಸಿಗಬೇಕಲ್ಲ! ಹಾಸ್ಯವೆಂದು ಎಲ್ಲರೂ ಇದನ್ನು ಹೇಳುತ್ತಾರೆ. ನನಗಂತೂ ಇದು ಕಸುಬಿನ ಮಾತಾಗಿಯೇ ಕೇಳಿಸುತ್ತದೆ. ಮೊದಲ ಅರ್ಧ ಗಂಟೆ ಕಣ್ಣನ್ನು ಹದಕ್ಕೆ ತರುವ ಕೆಲಸ.

ಆ ಹದ ಎಂಥದು ಎನ್ನುವುದಕ್ಕೆ ಟ್ರಾಲಿಯ ದೃಶ್ಯ ನೋಡಬೇಕು. ಕಾವಲು ದಾಟಿದ ಮೂವರೂ ರೈಲು ಹಳಿಯ ಮೇಲಿನ ಮೋಟಾರು ಟ್ರಾಲಿ ಹತ್ತಿ ಝೋನ್‌ನ ಕಡೆಗೆ ಸಾಗುತ್ತಾರೆ. ಸುಮಾರು ನಾಲ್ಕು ನಿಮಿಷ. ಬೇರೆ ಯಾರೇ ಆಗಿದ್ದರೂ ಈ ಗಡಿ ದಾಟುವ ಗಳಿಗೆಯಲ್ಲಿ ಸುತ್ತಲ ದೃಶ್ಯ ತೋರಿಸುತ್ತಿದ್ದರು. ಇಲ್ಲಿ ಕ್ಯಾಮೆರಾ ತಲೆಗಳಿಗೆ ಅಂಟಿಕೊಂಡಿದೆ. ಒಬ್ಬನ ಕೆನ್ನೆ, ಒಬ್ಬನ ಹಿಂದಲೆ, ತೂಕಡಿಸುವ ಇನ್ನೊಬ್ಬನ ಹಣೆ. ಹೆಚ್ಚುಕಡಿಮೆ ಚೌಕಾಕಾರದ ಹಳೆಯ ಚೌಕಟ್ಟಿನಲ್ಲಿ ಒಂದು ತಲೆ ಬಂದರೆ ಮುಗಿಯಿತು, ಬೇರೆಯದಕ್ಕೆ ಜಾಗವಿಲ್ಲ. ಹಿಂದೆ ಸರಿಯುವ ಮುರುಕು ಗೋಡೆ, ಗುಜರಿ ರಾಶಿಗಳು ಮಸುಕು ಮಸುಕು. ಎಲ್ಲವೂ ಕಂದುಬಣ್ಣದ ಒಂದೇ ಛಾಯೆ. ಚಕ್ರದ ಸದ್ದು ಮಾತ್ರ ತಾಳ ತಪ್ಪದೆ ಬಡಿಯುತ್ತಿದೆ. ಬಡಿಯುತ್ತ ಬಡಿಯುತ್ತ ಅದು ಯಾವಾಗ ಲೋಹದ ಸದ್ದಾಗಿರುವುದನ್ನು ಬಿಟ್ಟು ಪ್ರತಿಧ್ವನಿಯಾಗಿ, ಎಲೆಕ್ಟ್ರಾನಿಕ್ ನಾದವಾಗಿ ಬದಲಾಯಿತೆಂದು ಹೇಳಲಾಗುವುದಿಲ್ಲ. ಗಡಿ ದಾಟಿದ್ದು ಕಣ್ಣಲ್ಲ, ಕಿವಿ. ಆಮೇಲೆ ಏಕಾಏಕಿ ಸದ್ದು ನಿಲ್ಲುತ್ತದೆ, ಪರದೆಯ ಮೇಲೆ ಬಣ್ಣ ಬಂದಿರುತ್ತದೆ.

ಆ ಬಣ್ಣದ ಬಗ್ಗೆ ಒಂದು ಮಾತು. ಝೋನ್‌ನ ಹಸಿರು ಪ್ರವಾಸಿ ಕ್ಯಾಲೆಂಡರಿನ ಹಸಿರಲ್ಲ. ಮಂಕು ಬೆಳಕಿನ, ಒದ್ದೆಯಾದ, ತುಸು ಕಪ್ಪಿಟ್ಟ ಹಸಿರು. ಮಲೆನಾಡಿನವರು ನೋಡಿದರೆ ಇದರಲ್ಲೇನು ಹೆಚ್ಚುಗಾರಿಕೆ, ನಮ್ಮ ಹಿತ್ತಲಲ್ಲೇ ಇದೆ ಎಂದಾರು. ಸರಿಯೇ. ಆದರೆ ಅರ್ಧ ಗಂಟೆಗೂ ಮೀರಿ ಕಂದುಬಣ್ಣದ ಲೋಕದಲ್ಲಿ, ಹೊಗೆ, ಕೆಸರು, ಸೋರುವ ಹೋಟೆಲು, ರೈಲು ಹೋದಾಗಲೆಲ್ಲ ಅದುರುವ ಮನೆಯಲ್ಲಿ ಇದ್ದು ಬಂದ ಕಣ್ಣಿಗೆ ಆ ಸಾಧಾರಣ ಹಸಿರೇ ಪವಾಡ. ಸ್ಟಾಕರ್ ಅಲ್ಲಿ ಕಾಲಿಟ್ಟೊಡನೆ ಮನೆಗೆ ಬಂದೆವೆನ್ನುತ್ತಾನೆ. ಉಳಿದಿಬ್ಬರನ್ನು ಬಿಟ್ಟು ಹೋಗಿ ಹುಲ್ಲಿನಲ್ಲಿ ಬೋರಲು ಮಲಗುತ್ತಾನೆ. ಅಪಾಯಕಾರಿ ಎನ್ನಲಾದ ಜಾಗವೇ ಬದುಕಿರುವ ಜಾಗ. ಕಾನೂನು, ಪೊಲೀಸು, ಸಂಸಾರ ಇರುವ ಜಾಗ ಬಣ್ಣ ಕಳೆದುಕೊಂಡದ್ದು. ಚಿತ್ರ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿಗೆ ಮರಳಿದ ಮೇಲೆ ಮತ್ತೆ ಕಂದು. ಆದರೆ ಸ್ಟಾಕರ್‌ನ ಮಗಳು, ನಡೆಯಲಾರದ ಹುಡುಗಿ, ಅಪ್ಪನ ಹೆಗಲೇರಿ ಹೋಗುವಾಗ ಅವಳ ಸುತ್ತ ಬಣ್ಣವಿದೆ. ಝೋನ್ ಬೇಲಿಯೊಳಗೆ ಮಾತ್ರ ಇಲ್ಲವೆಂದು ಅಲ್ಲಿ ಗೊತ್ತಾಗುತ್ತದೆ.

ಸಂಗೀತದ ಕಥೆ ನಮಗೆ ಹತ್ತಿರದ್ದು. ಸಂಗೀತ ನಿರ್ದೇಶಕ ಎದುವಾರ್ದ್ ಅರ್ತೆಮ್ಯೇವ್ ಮೊದಲು ಅಜರ್ಬೈಜಾನಿನ ತಂತಿವಾದ್ಯ 'ತಾರ್' ಅನ್ನು ವಾದ್ಯವೃಂದದೊಡನೆ ಬೆಸೆದು ಒಂದು ಸಂಯೋಜನೆ ಮಾಡಿದ. ನಿರ್ದೇಶಕ ಒಪ್ಪಲಿಲ್ಲ. ಆಗ ಅರ್ತೆಮ್ಯೇವ್‌ಗೆ ದಾರಿ ತೋರಿಸಿದ್ದು ಭಾರತೀಯ ಸಂಗೀತದ ತಂಬೂರಿ. ಬದಲಾಗದೆ ನಿಂತ ಆ ಶ್ರುತಿ ಜಾಗವನ್ನೇ ಹೆಪ್ಪುಗಟ್ಟಿಸುತ್ತದೆಂದು ಅವನಿಗೆ ಅನಿಸಿತು. ಸಿಂಥಸೈಜರಿನಲ್ಲಿ ತಂಬೂರಿಯಂಥ ನಾದವನ್ನು ಹರಡಿ, ಅದರ ಮೇಲೆ ತಾರ್ ಮತ್ತು ಯುರೋಪಿನ ಕೊಳಲು ಮೆಲ್ಲಗೆ ಅಲೆಯುವಂತೆ ಮಾಡಿದ. ಕಛೇರಿ ಕೇಳುವ ಅಭ್ಯಾಸವಿರುವ ನಮ್ಮವರಿಗೆ ಈ ಚಿತ್ರದ ನಿಧಾನ ಅಷ್ಟು ಪರಕೀಯವಾಗಬೇಕಿಲ್ಲ. ಶ್ರುತಿ ಕೂಡಿದ ಮೇಲೆ ಆಲಾಪನೆಗೆ ಅವಸರವೇನು? ಕಾಲು ಗಂಟೆ ರಾಗಾಲಾಪನೆಗೆ ತಲೆದೂಗುವವರೇ ಎರಡು ನಿಮಿಷದ ಶಾಟ್‌ಗೆ ವಾಚು ನೋಡಿಕೊಳ್ಳುತ್ತಾರೆ. ಅಭ್ಯಾಸದ ಪ್ರಶ್ನೆಯಷ್ಟೇ.

ನಮ್ಮ ನೋಡುಗರಿಗೆ ಇರುವ ನಿಜವಾದ ತೊಡಕು ಬೇರೆ: ಸಬ್‌ಟೈಟಲ್. ಈ ಚಿತ್ರದಲ್ಲಿ ಮೌನ ಎಷ್ಟಿದೆಯೋ ಮಾತೂ ಅಷ್ಟಿದೆ. ಲೇಖಕನ ಪಾತ್ರದ ಅನತೋಲಿ ಸೊಲೊನಿತ್ಸಿನ್ ಬಾಯಿ ತೆರೆದರೆ ಪ್ರತಿಭೆ, ಕೀರ್ತಿ, ಸತ್ಯ ಎಂದು ಪುಟಗಟ್ಟಲೆ ಹರಿಯುತ್ತಾನೆ. ಅದನ್ನು ರಷ್ಯನ್ನಿನಿಂದ ಇಂಗ್ಲಿಷಿಗೆ ತಂದ ಅಕ್ಷರಗಳನ್ನು ಪರದೆಯ ಕೆಳಗೆ ಓದಿ ಮನಸ್ಸಿನಲ್ಲಿ ಕನ್ನಡ ಮಾಡಿಕೊಳ್ಳುವಷ್ಟರಲ್ಲಿ ಮೇಲೆ ಮಂಜು ಬಂದು ಹೋಗಿರುತ್ತದೆ. ನಿಷ್ಠುರವಾಗಿ ಹೇಳುವುದಾದರೆ ಆ ಮಾತುಗಳಲ್ಲಿ ಒಂದಷ್ಟು ಚಿತ್ರಕ್ಕೆ ಭಾರ. ಪ್ರೊಫೆಸರ್ ಮತ್ತು ಲೇಖಕನ ವಾಗ್ವಾದಗಳನ್ನು ಕಾಲುಭಾಗ ಇಳಿಸಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ. ಎರಡನೇ ಬಾರಿ ನೋಡುವಾಗ ನಾನು ಸಬ್‌ಟೈಟಲ್ ತೆಗೆದುಬಿಡುತ್ತೇನೆ. ಸ್ಟಾಕರ್‌ನ ಹೆಂಡತಿಯ ಪಾತ್ರದ ಅಲಿಸಾ ಫ್ರೇಯ್ನ್‌ದ್ಲಿಖ್ ಕ್ಯಾಮೆರಾವನ್ನೇ ನೋಡುತ್ತ ತನ್ನ ಪಾಡನ್ನು ಹೇಳಿಕೊಳ್ಳುವ ಕೊನೆಯ ಭಾಗವೊಂದನ್ನು ಹೊರತುಪಡಿಸಿ, ಅಲ್ಲಿ ಪ್ರತಿ ಮಾತೂ ಬೇಕು. ಗಂಡಸರು ಮೂವರೂ ಮನುಕುಲದ ಚಿಂತೆ ಮಾಡುತ್ತ ಹುಲ್ಲಿನಲ್ಲಿ ಅಲೆಯುತ್ತಿದ್ದಾಗ ಮನೆಯಲ್ಲಿ ಉಳಿದವಳು ಅವಳು. ಈ ಚಿತ್ರ ಅವಳಿಗೆ ಕೊಟ್ಟ ಜಾಗ ಕಡಿಮೆಯೇ. ಕೊಟ್ಟಷ್ಟರಲ್ಲೇ ಆಕೆ ಉಳಿದವರ ತತ್ವಜ್ಞಾನವನ್ನೆಲ್ಲ ಪಕ್ಕಕ್ಕೆ ಸರಿಸಿಬಿಡುತ್ತಾಳೆ.

ಇನ್ನೊಂದು ಉಪಪುರಾಣ. ಈಚೆಗೆ ಈ ಚಿತ್ರದ ಬಿಡಿ ಚೌಕಟ್ಟುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಚೆಂದವಾಗಿಯೇ ಇರುತ್ತವೆ. ಆದರೆ ಅವುಗಳಲ್ಲಿ 'ಸ್ಟಾಕರ್'ನ ಚೆಲುವು ಇಲ್ಲ. ಮಲಗಿದ ಸ್ಟಾಕರ್‌ನ ಮುಖದ ಬಳಿಯಿಂದ ಕ್ಯಾಮೆರಾ ಆಳವಿಲ್ಲದ ನೀರಿನ ಮೇಲೆ ತೇಲುತ್ತ ಹೋಗುವ ಶಾಟ್ ತೆಗೆದುಕೊಳ್ಳಿ. ತಳದಲ್ಲಿ ಹೆಂಚಿನ ನೆಲ. ಅದರ ಮೇಲೆ ಸಿರಿಂಜು, ನಾಣ್ಯ, ಪಿಸ್ತೂಲು, ತುಕ್ಕು ಹಿಡಿದ ಸ್ಪ್ರಿಂಗು, ವಾನ್ ಐಕ್ ಸೋದರರ ಗೆಂಟ್ ಚರ್ಚಿನ ಚಿತ್ರಮಾಲೆಯಿಂದ ಹರಿದ ಒಂದು ತುಣುಕು. ಒಂದು ನಾಗರಿಕತೆಯ ಜೇಬು ಖಾಲಿ ಮಾಡಿ ನೀರಿಗೆ ಸುರಿದ ಹಾಗೆ. ಪ್ರತಿ ವಸ್ತುವೂ ಚೌಕಟ್ಟಿನ ಅಂಚಿನಿಂದ ತಾನಾಗಿ ಬಂದು, ಗುರುತು ಸಿಕ್ಕಿತೋ ಇಲ್ಲವೋ ಎನ್ನುವಷ್ಟರಲ್ಲಿ ದಾಟಿ ಹೋಗುತ್ತದೆ. ನಿಲ್ಲಿಸಿ ತೆಗೆದ ಚಿತ್ರದಲ್ಲಿ ಉಳಿಯುವುದು ವಸ್ತುಗಳ ಪಟ್ಟಿ. ಬರುವುದು ಮತ್ತು ಹೋಗುವುದು, ಅದೇ ಚೆಲುವು.

ಇಷ್ಟೆಲ್ಲ ಅಳೆದು ತೂಗಿ ಮಾಡಿದ್ದೆಂದು ತೋರುವ ಈ ಚಿತ್ರ ಹುಟ್ಟಿದ್ದು ಅನಾಹುತಗಳ ಸಾಲಿನಲ್ಲಿ. ಮೊದಲು ಗೊತ್ತುಮಾಡಿದ್ದ ಜಾಗ ತಾಜಿಕಿಸ್ತಾನದ ಇಸ್ಫಾರಾ, ಮರಳುಗಾಡಿನಂಥ ಒಣ ನೆಲ. ಅಲ್ಲಿ ಭೂಕಂಪವಾಯಿತು. ತಂಡ ಎಸ್ಟೋನಿಯಾಕ್ಕೆ, ತಾಲಿನ್ ನಗರದ ಸಮೀಪ ಯಾಗಲಾ ನದಿಯ ಬಳಿಯ ಪಾಳುಬಿದ್ದ ಜಲವಿದ್ಯುತ್ ಕೇಂದ್ರಕ್ಕೆ ಹೋಯಿತು. ಈಗ ನೀರಿಲ್ಲದ 'ಸ್ಟಾಕರ್' ಊಹಿಸಲೂ ಆಗದು. 1977ರ ಬೇಸಿಗೆಯಲ್ಲಿ ಚಿತ್ರೀಕರಿಸಿದ ಹೊರಾಂಗಣ ಭಾಗ ಮಾಸ್ಕೋದ ಲ್ಯಾಬಿನಲ್ಲಿ ಸಂಸ್ಕರಣೆಯ ಹೊತ್ತಿಗೆ ಹಾಳಾಯಿತು. ಹೊಸ ಬಗೆಯ ಕೊಡಾಕ್ ಫಿಲ್ಮು. ಅದನ್ನು ತೊಳೆಯುವ ಬಗೆ ಸರಿಯಾಗಿ ತಿಳಿದಿರಲಿಲ್ಲವೆಂಬುದು ಸಾಮಾನ್ಯವಾಗಿ ಕೊಡುವ ಕಾರಣ. ತಪ್ಪು ಯಾರದೆಂಬ ಜಗಳದಲ್ಲಿ ಛಾಯಾಗ್ರಾಹಕ ಗಿಯೋರ್ಗಿ ರೆರ್‌ಬೆರ್ಗ್ ಹೊರಬಿದ್ದ. ಚಿತ್ರವನ್ನು ಎರಡು ಭಾಗವೆಂದು ತೋರಿಸಿ ಹೆಚ್ಚಿನ ಹಣ ಪಡೆದು ಮತ್ತೆ ಶುರುಮಾಡಬೇಕಾಯಿತು. ನಡುವೆ ತಾರ್ಕೋವ್‌ಸ್ಕಿಗೆ ಹೃದಯಾಘಾತ. ಕೊನೆಗೆ ನಾವು ಕಾಣುವುದು ಅಲೆಕ್ಸಾಂದರ್ ಕ್ನ್ಯಾಜಿನ್‌ಸ್ಕಿಯ ಛಾಯಾಗ್ರಹಣ. ಈ ವಿರಾಮದಲ್ಲೇ ನಾಯಕನ ಸ್ವಭಾವವೂ ಬದಲಾಯಿತು. ಕಾದಂಬರಿಯ ಒರಟು ಕಳ್ಳಸಾಗಣೆದಾರ ಹೋಗಿ, ಅಲೆಕ್ಸಾಂದರ್ ಕೈದನೋವ್‌ಸ್ಕಿಯ ಬೋಳಿಸಿದಂಥ ತಲೆಯ, ಅಳುಮುಖದ ಭಕ್ತ ಬಂದ. ಸೃಷ್ಟಿಕರ್ತನ ಅಖಂಡ ದರ್ಶನವೆಂದು ನಾವು ವಿಮರ್ಶಕರು ಹೊಗಳುವುದರಲ್ಲಿ ಭೂಕಂಪದ ಪಾಲೆಷ್ಟು, ಲ್ಯಾಬಿನ ಪಾಲೆಷ್ಟು ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಈ ಚೆಲುವಿಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬರೆಯದೆ ಇರಲಾಗದು. ಚಿತ್ರದಲ್ಲಿ ಒಂದೆಡೆ ನೀರಿನ ಮೇಲೆ ಬೆಳ್ಳನೆಯ ನೊರೆ ತೇಲಿಬರುತ್ತದೆ. ಗಾಳಿಯಲ್ಲಿ ಹಿಮದಂತೆ ಏನೋ ಹಾರಾಡುತ್ತದೆ. ನೋಡಲು ಅಪೂರ್ವ. ಧ್ವನಿ ವಿಭಾಗದಲ್ಲಿದ್ದ ವ್ಲಾದಿಮಿರ್ ಶಾರುನ್ ಮುಂದೆ ನೆನಪಿಸಿಕೊಂಡಂತೆ, ಮೇಲ್ಭಾಗದ ರಾಸಾಯನಿಕ ಕಾರ್ಖಾನೆಯೊಂದು ನದಿಗೆ ಬಿಡುತ್ತಿದ್ದ ವಿಷದ ನೊರೆ ಅದು. ತಂಡ ತಿಂಗಳುಗಟ್ಟಲೆ ಆ ನೀರಿನಲ್ಲಿ ನಿಂತು ಕೆಲಸ ಮಾಡಿತು. ಸೊಲೊನಿತ್ಸಿನ್ 1982ರಲ್ಲಿ, ತಾರ್ಕೋವ್‌ಸ್ಕಿ 1986ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ, ಚಿತ್ರದಲ್ಲಿ ದುಡಿದ ಅವನ ಹೆಂಡತಿ ಲರೀಸಾ 1998ರಲ್ಲಿ, ಮೂವರೂ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ನದಿಯೇ ಕಾರಣವೆಂಬುದು ಶಾರುನ್‌ನ ನಂಬಿಕೆ, ಸಾಬೀತಾದ ಸಂಗತಿಯಲ್ಲ. ಆದರೂ ಆ ನೊರೆ ಕಂಡಾಗಲೆಲ್ಲ ಈ ಮಾತು ತಿಳಿದವರ ನೋಟ ಮೊದಲಿನಂತಿರುವುದಿಲ್ಲ. ಇಂಥ ವಿಷದ ಚೆಲುವು ನಮ್ಮಲ್ಲೂ ಉಂಟು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಿರಿನಿಂದ ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ಗುಡ್ಡಗಳು ಅಲ್ಲೇ ಇವೆ. ಗಾಳಿ ಬಂದರೆ ಆ ದೂಳು ಸುತ್ತಲಿನ ಮನೆಗಳಿಗೇ ಹೋಗುವುದು. ತೆರೆಯ ಮೇಲೆ ಅವು ಭವ್ಯವಾಗಿ ಕಾಣುತ್ತವೆಂದು ಸಿನಿಮಾದವರು ಅಲ್ಲಿ ಹಾಡು ಹೊಡೆದಾಟಗಳನ್ನು ಚಿತ್ರೀಕರಿಸುತ್ತಲೇ ಬಂದಿದ್ದಾರೆ. ವಿಷದ ನೆಲಕ್ಕೆ ಕ್ಯಾಮೆರಾ ಯಾವಾಗಲೂ ಮರುಳಾಗುತ್ತದೆ. ತಾರ್ಕೋವ್‌ಸ್ಕಿ ಅದಕ್ಕೆ ಹೊರತಲ್ಲ. ಒಂದು ವ್ಯತ್ಯಾಸವುಂಟು: ಅವನ ಚಿತ್ರದಲ್ಲಿ ಆ ನೆಲ ಯಾರ ಸಾಹಸಕ್ಕೂ ಹಿನ್ನೆಲೆಯಾಗಿ ಒದಗುವುದಿಲ್ಲ, ಅದರ ಮುಂದೆ ಮನುಷ್ಯರು ಮಂಡಿಯೂರುತ್ತಾರೆ. ತೆರೆಯಾಚೆ ನಿಂತು ದುಡಿದವರಿಗೆ ಆ ವ್ಯತ್ಯಾಸದಿಂದ ಏನಾದರೂ ಉಪಕಾರವಾಯಿತೇ ಎಂದರೆ, ಇಲ್ಲ.

1986ರ ಏಪ್ರಿಲಿನಲ್ಲಿ ಚೆರ್ನೋಬಿಲ್ ಆಯಿತು. ಸುತ್ತ ಮೂವತ್ತು ಕಿಲೋಮೀಟರಿನ ನಿಷೇಧಿತ ವಲಯ, ಜನ ಬಿಟ್ಟುಹೋದ ಊರುಗಳನ್ನು ಮುಚ್ಚಿಕೊಂಡ ಗಿಡಗಂಟಿ. ಅಲ್ಲಿಗೆ ಕದ್ದು ಹೋಗುವವರನ್ನು ಸ್ಟಾಕರ್‌ಗಳೆಂದೇ ಕರೆಯತೊಡಗಿದರು. ಭವಿಷ್ಯವಾಣಿ ಎಂದು ಚಿತ್ರವನ್ನು ಕೊಂಡಾಡುವ ಬರಹಗಳಿಗೆ ಲೆಕ್ಕವಿಲ್ಲ. ನನಗೆ ಆ ಹೊಗಳಿಕೆ ರುಚಿಸದು. ಕಣ್ಣಿಗೆ ಕಾಣದ ಅಪಾಯವಿರುವ ಹುಲ್ಲುಗಾವಲು ಹೇಗಿರುತ್ತದೆಂದು ಮುಂಚೆಯೇ ತೋರಿಸಿದ್ದು ನಿಜ. ಆದರೆ ಚೆರ್ನೋಬಿಲ್‌ನಲ್ಲಿ ಯಾರ ಆಸೆ ಈಡೇರಿಸುವ ಕೋಣೆಯೂ ಇರಲಿಲ್ಲ.

ಆ ಕೋಣೆಯ ವಿಷಯಕ್ಕೆ ಬಂದರೆ, ಇಡೀ ಚಿತ್ರದ ಜಾಣತನವೆಲ್ಲ ಒಂದೇ ಶಾಟ್‌ನಲ್ಲಿದೆ. ಮೂವರೂ ಹೊಸ್ತಿಲ ತನಕ ಬಂದಿದ್ದಾರೆ. ಪ್ರೊಫೆಸರ್ ಅದನ್ನು ಸ್ಫೋಟಿಸಲೆಂದು ಬಾಂಬು ತಂದಿದ್ದ. ಅದನ್ನು ಬಿಚ್ಚಿ ತುಂಡುಗಳನ್ನು ನೀರಿಗೆ ಎಸೆಯುತ್ತಾನೆ. ಒಳಗೆ ಹೋಗಲು ಯಾರಿಗೂ ಧೈರ್ಯವಿಲ್ಲ. ಮೊದಲೊಬ್ಬ ಸ್ಟಾಕರ್ ತಮ್ಮನ ಜೀವ ಬೇಡಲು ಹೋಗಿ, ಹಿಂದಿರುಗಿದ ಮೇಲೆ ಕೈಗೆ ಹಣ ಬಂದು, ನೇಣು ಹಾಕಿಕೊಂಡಿದ್ದಾನೆ. ಕೋಣೆ ಕೊಡುವುದು ಬಾಯಿ ಬೇಡಿದ್ದನ್ನಲ್ಲ, ಒಳಗಿರುವುದನ್ನು. ಹಾಗಾಗಿ ಮೂವರೂ ನೆಲದ ಮೇಲೆ ಒತ್ತಿಕೊಂಡು ಕೂತಿದ್ದಾರೆ. ಕ್ಯಾಮೆರಾ ಮೆಲ್ಲಗೆ ಹಿಂದೆ ಸರಿಯುತ್ತದೆ. ಸರಿಯುತ್ತ ಹೋದಂತೆ ಹೊಳೆಯುವುದು: ಅದು ಹೊಸ್ತಿಲ ಈಚೆಗಿದೆ, ಕೋಣೆಯ ಒಳಗೆ. ಅವರಾರೂ ದಾಟದ ಗೆರೆಯನ್ನು ನಾವು ದಾಟಿ ಕೂತಿದ್ದೇವೆ. ಅಷ್ಟರಲ್ಲಿ ಬೆಳಕು ಹೊಂಬಣ್ಣಕ್ಕೆ ತಿರುಗಿ ಮತ್ತೆ ಮಂಕಾಗುತ್ತದೆ. ನಮ್ಮ ಮತ್ತು ಅವರ ನಡುವೆ, ಮನೆಯೊಳಗೆ, ಮಳೆ ಸುರಿದು ನಿಲ್ಲುತ್ತದೆ. ಸಂಗೀತವಿಲ್ಲ, ವಿವರಣೆಯಿಲ್ಲ. ನಮ್ಮ ಒಳಗಿನ ಆಸೆ ಏನು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಆ ಮಳೆಯಷ್ಟು ಹೊತ್ತು ಅದನ್ನು ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಇದೇ ಶಾಟನ್ನು ಐದು ಸೆಕೆಂಡಿಗೆ ಕತ್ತರಿಸಿದ್ದರೆ ಅದು ಮಳೆ ಬಂತು ಎಂಬ ಸುದ್ದಿಯಾಗುತ್ತಿತ್ತು.

ಇನ್ನು ನೋಡಬೇಕೆನ್ನುವವರಿಗೆ ಒಂದೆರಡು ಕೆಲಸದ ಮಾತು. ನಿರ್ಮಿಸಿದ ಮೋಸ್‌ಫಿಲ್ಮ್ ಸಂಸ್ಥೆಯೇ ಚಿತ್ರವನ್ನು ತನ್ನ ಯೂಟ್ಯೂಬ್ ವಾಹಿನಿಯಲ್ಲಿ ಎರಡು ಭಾಗವಾಗಿ ಇಟ್ಟಿದೆ. ಮೊದಲ ಭಾಗ ಒಂದು ಗಂಟೆಗೆ ತುಸು ಹೆಚ್ಚು. ಅದು ಮುಗಿದ ಮೇಲೆ ಕಾಫಿಗೆ ಏಳಬಹುದು, ನಡುವೆ ಬೇಡ. ಮೊಬೈಲಿನಲ್ಲಿ ಬೇಡವೇ ಬೇಡ. ದೊಡ್ಡ ಪರದೆ ಸಿಗದಿದ್ದರೂ ಒಳ್ಳೆಯ ಸ್ಪೀಕರ್ ಇರಲಿ, ಅರ್ಧ ಚಿತ್ರ ಇರುವುದು ಸದ್ದಿನಲ್ಲಿ. ವೇಗ ಹೆಚ್ಚಿಸುವ ಗುಂಡಿಯನ್ನು ಮರೆತುಬಿಡಿ. ಚಿತ್ರ ಕಂಡು ಬರೆದ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಬೇಸರ ಬಂದು ನಡುವೆ ಎದ್ದು ಹೋದವರು ಯಾವ ಶಾಟ್‌ನಲ್ಲಿ ಎದ್ದಿರಿ ಎನ್ನುವುದನ್ನೂ ದಯವಿಟ್ಟು ಬರೆಯಿರಿ.